ಆಟದ ಎಂಜಿನು ಕಲಿಸುವ ಅಳತೆಯ ಪಾಠ

ಕೆಲವು ವರ್ಷಗಳ ಹಿಂದೆ ಒಂದು ವಿಜ್ಞಾನ ಪ್ರದರ್ಶನದಲ್ಲಿ ತೀರ್ಪುಗಾರರ ಪೈಕಿ ಒಬ್ಬನಾಗಿ ಕುಳಿತುಕೊಳ್ಳುವ ಅವಕಾಶ ನನಗೆ ಒದಗಿತ್ತು. ಕೊನೆಯ ಸಾಲಿನ ಮೇಜೊಂದರ ಬಳಿ, ಕಾಲೇಜಿಗೆ ಆಗತಾನೆ ಸೇರಿದ್ದ ಹುಡುಗನೊಬ್ಬನು ಗೇಣುದ್ದದ ಒಂದು ರೈಲು ಎಂಜಿನನ್ನು ಮುಂದಿಟ್ಟುಕೊಂಡು ನಿಂತಿದ್ದನು. ಅಂಗಡಿಯಲ್ಲಿ ಮಾರುವ ವಿದೇಶೀ ಆಟದ ಎಂಜಿನೊಂದರ ಮೇಲುಭಾಗವನ್ನು ಕಳಚಿ, ಚಕ್ರಗಳನ್ನೂ ಮೋಟಾರನ್ನೂ ಮಾತ್ರ ಉಳಿಸಿಕೊಂಡು, ರಟ್ಟು, ತಗಡು, ಹಳೆಯ ಪೆನ್ನಿನ ಕೊಳವೆ ಇವುಗಳಿಂದ ಹೊಸ ಮೈಯೊಂದನ್ನು ಅವನು ಕಟ್ಟಿದ್ದನು. ಹಿಂದೆ ಕೋಲಾರದ ಸೀಮೆಯಲ್ಲಿ ಓಡುತ್ತಿದ್ದ ಚಿಕ್ಕ ರೈಲಿನ ಎಂಜಿನನ್ನು ಅದು ಹೋಲಬೇಕೆಂಬುದು ಅವನ ಉದ್ದೇಶ. ಪಕ್ಕದಲ್ಲಿ ಒಂದು ಕಾಗದವಿತ್ತು. ಅದರ ತಲೆಬರಹ: ‘ಈ ಮಾದರಿಯಲ್ಲಿರುವ ತಪ್ಪುಗಳು’. ಕೆಳಗೆ ಐದು ಅಂಶಗಳು, ಪ್ರತಿಯೊಂದರ ಎದುರಿಗೂ ಒಂದು ಸಂಖ್ಯೆ.

“ಇದರಲ್ಲಿ ವಿಜ್ಞಾನದ ತತ್ತ್ವ ಯಾವುದಪ್ಪಾ?” ಎಂದು ನಮ್ಮಲ್ಲೊಬ್ಬರು ಕೇಳಿದರು. “ತಪ್ಪೆಂದು ನೀನೇ ಬರೆದುಕೊಂಡಿರುವಾಗ ನಾವು ಹೇಳುವುದೇನು ಉಳಿಯಿತು?” ಎಂದು ಇನ್ನೊಬ್ಬರು ನಕ್ಕರು. “ತಪ್ಪು ಎಷ್ಟು ಅನ್ನೋದು ಗೊತ್ತಿದೆ ಸಾರ್, ಅದಕ್ಕೇ ಬರೆದೆ” ಎಂದನು ಹುಡುಗ. ನಾವು ಮುಂದಿನ ಮೇಜಿಗೆ ನಡೆದೆವು. ಬಹುಮಾನವು ಬಣ್ಣದ ದೀಪಗಳು ಮಿನುಗುತ್ತಿದ್ದ ಬೇರೊಂದು ಮಾದರಿಗೆ ಸಂದಿತು. ಆ ತೀರ್ಪಿಗೆ ನಾನೂ ಸಹಿ ಹಾಕಿದೆನು. ಅದು ತಪ್ಪಾಯಿತೆಂದು ನನಗೆ ಈಗ ತೋರುತ್ತದೆ. ಏಕೆ ತಪ್ಪಾಯಿತೆಂಬುದನ್ನು ವಿದ್ಯಾರ್ಥಿಮಿತ್ರರ ಮುಂದೆ ವಿಚಾರಕ್ಕಿಡುವುದು ಈ ಲೇಖನದ ಉದ್ದೇಶ.

ಮೊದಲು ವಿಷಯವನ್ನು ಸ್ವಲ್ಪ ತಿಳಿದುಕೊಳ್ಳೋಣ. ರೈಲುದಾರಿಯ ಎರಡು ಕಂಬಿಗಳ ಒಳ ಅಂಚುಗಳ ನಡುವಣ ಅಂತರಕ್ಕೆ ಗೇಜ್ ಎಂದು ಹೆಸರು. ನಮ್ಮ ದೇಶದ ಬ್ರಾಡ್ ಗೇಜ್ 5 ಅಡಿ 6 ಅಂಗುಲ, ಎಂದರೆ 1676 ಮಿಲಿಮೀಟರು. ಬ್ರಿಟನ್ನಿನಲ್ಲಿಯೂ ಯೂರೋಪಿನ ಬಹುಭಾಗದಲ್ಲಿಯೂ ರೂಢಿಯಲ್ಲಿರುವ ಸ್ಟ್ಯಾಂಡರ್ಡ್ ಗೇಜ್ 1435 ಮಿಲಿಮೀಟರು. ಇವುಗಳಿಗಿಂತ ಬಹಳ ಕಿರಿದಾದವು ನ್ಯಾರೋ ಗೇಜ್ ದಾರಿಗಳು. 1881ರಲ್ಲಿ ಪೂರ್ಣಗೊಂಡ ಡಾರ್ಜಿಲಿಂಗ್ ದಾರಿಯದು 2 ಅಡಿ. 1903ರಲ್ಲಿ ತೆರೆದ ಕಾಲ್ಕಾ–ಸಿಮ್ಲಾ ದಾರಿಯದು 2 ಅಡಿ 6 ಅಂಗುಲ. ಕಂಬಿಗಳು ಹತ್ತಿರವಾದಷ್ಟೂ ದಾರಿಯನ್ನು ಹೆಚ್ಚು ಬಾಗಿಸಬಹುದು, ಹಗುರವಾದ ಕಂಬಿಗಳನ್ನು ಹಾಸಬಹುದು, ಗುಡ್ಡವನ್ನು ಕಡಿಯುವ ಕೆಲಸ ಕಡಮೆಯಾಗುತ್ತದೆ. ಹಣವಿಲ್ಲದ ಸೀಮೆಗಳಿಗೂ ಬೆಟ್ಟದ ನಾಡುಗಳಿಗೂ ರೈಲು ಮುಟ್ಟಿದ್ದು ಅನೇಕ ಕಡೆ ಇಂಥ ದಾರಿಗಳಿಂದಲೇ.

ಮಾದರಿ ಎಂಜಿನುಗಳನ್ನು ತಯಾರಿಸುವ ಕಾರ್ಖಾನೆಗಳು ಹೆಸರಾಂತ ಎಂಜಿನುಗಳನ್ನೇ ತಯಾರಿಸುತ್ತವೆ. ಒಂದು ಅಚ್ಚನ್ನು ಮಾಡಿಸುವ ಖರ್ಚು ಬಹಳ; ಸಾವಿರಾರು ಮಂದಿ ಕೊಳ್ಳದೆ ಹೋದರೆ ಅದು ಗಿಟ್ಟದು. ಎರಡೋ ಮೂರೋ ಎಂಜಿನುಗಳಿಂದ ಜೀವನ ಸಾಗಿಸಿ, ಕೆಲವು ದಶಕಗಳಲ್ಲಿ ಮುಚ್ಚಿಹೋದ ಅಪ್ರಸಿದ್ಧ ದಾರಿಯೊಂದರ ಎಂಜಿನನ್ನು ಯಾವ ಕಾರ್ಖಾನೆ ತಾನೆ ತಯಾರಿಸೀತು? ಆದ್ದರಿಂದ ಅಂಥ ದಾರಿಯನ್ನು ಪ್ರೀತಿಸುವವನಿಗೆ ಸಾಮಾನ್ಯವಾಗಿ ಉಳಿಯುವುದು ಒಂದೇ ಹಾದಿ: ದೊರೆಯುವ ಎಂಜಿನನ್ನು ತೆಗೆದುಕೊಂಡು, ಬೇಕಾದ ಎಂಜಿನಾಗಿ ಮಾರ್ಪಡಿಸುವುದು. ಬ್ರಿಟನ್ನಿನಲ್ಲಿ 1950ರ ದಶಕದಲ್ಲೇ ಈ ಹಾದಿಯನ್ನು ಹಿಡಿದವರಲ್ಲಿ ಎಡಿನ್‌ಬರೋದ ಪಿ. ಡಿ. ಹ್ಯಾನ್‌ಕಾಕ್ ಪ್ರಸಿದ್ಧರು. 1960ರ ದಶಕದಲ್ಲಿ 9 ಮಿಲಿಮೀಟರು ಗೇಜಿನ ಪುಟ್ಟ ಎಂಜಿನುಗಳು ಜರ್ಮನಿಯಿಂದ ಮಾರುಕಟ್ಟೆಗೆ ಬಂದ ಮೇಲೆ, ಅವುಗಳ ಚಕ್ರ, ಮೋಟಾರುಗಳನ್ನು ಬಳಸಿಕೊಂಡು ಮನೆಯ ಮೇಜಿನ ಮೇಲೆಯೇ ಇಂಥ ಎಂಜಿನು ಕಟ್ಟುವುದು ಸಾಮಾನ್ಯ ಜನರಿಗೂ ಸಾಧ್ಯವಾಯಿತು.

ಇಲ್ಲಿಯೇ ಒಂದು ಸ್ವಾರಸ್ಯವಿದೆ. 16.5 ಮಿಲಿಮೀಟರು ಗೇಜಿನ ಆಟದ ಎಂಜಿನೊಂದು ನಿಮ್ಮ ಮೇಜಿನ ಮೇಲಿದೆಯೆಂದು ಭಾವಿಸಿರಿ. ಇದು ಯಾವ ರೈಲಿನ ಎಂಜಿನು? ಚಕ್ರಗಳನ್ನು ಎಷ್ಟು ನೋಡಿದರೂ ಉತ್ತರ ದೊರೆಯದು. ಅದರ ಪಕ್ಕದಲ್ಲಿ ಒಂದು ಮನುಷ್ಯನ ಗೊಂಬೆಯನ್ನು ನಿಲ್ಲಿಸಿರಿ. 5 ಅಡಿ 6 ಅಂಗುಲ ಎತ್ತರದ ಆಳನ್ನು 87ರಲ್ಲಿ ಒಂದು ಪಾಲಿಗೆ ಇಳಿಸಿದರೆ ಗೊಂಬೆ 19 ಮಿಲಿಮೀಟರು ಇರುತ್ತದೆ. ಆ ಗೊಂಬೆಯ ಲೋಕದಲ್ಲಿ 16.5 ಮಿಲಿಮೀಟರೆಂದರೆ 1435 ಮಿಲಿಮೀಟರು, ಅದು ಸ್ಟ್ಯಾಂಡರ್ಡ್ ಗೇಜಿನ ದೊಡ್ಡ ರೈಲು. ಗೊಂಬೆಯನ್ನು ತೆಗೆದು 35 ಮಿಲಿಮೀಟರು ಎತ್ತರದ ಇನ್ನೊಂದನ್ನು ನಿಲ್ಲಿಸಿರಿ. ಈಗ ಪ್ರಮಾಣ 48ರಲ್ಲಿ ಒಂದು ಪಾಲು. ಅದೇ ಕಂಬಿಗಳು 792 ಮಿಲಿಮೀಟರು ಅಂತರದ ನ್ಯಾರೋ ಗೇಜ್ ದಾರಿಯಾದವು! ಚಕ್ರ ಬದಲಾಗಲಿಲ್ಲ, ಮೋಟಾರು ಬದಲಾಗಲಿಲ್ಲ. ಪಕ್ಕದಲ್ಲಿ ನಿಂತ ಮನುಷ್ಯ ಬದಲಾದನು, ರೈಲೇ ಬೇರೆಯಾಯಿತು. ಅಳತೆಯೆಂಬುದು ವಸ್ತುವಿನೊಳಗೆ ಅಡಗಿ ಕುಳಿತಿರುವ ಗುಣವಲ್ಲ, ಯಾವುದರೊಡನೆ ಹೋಲಿಸುತ್ತೇವೆ ಎಂಬುದರಿಂದ ಹುಟ್ಟುವ ಸಂಬಂಧ ಎಂಬುದನ್ನು ನಾನು ತರಗತಿಯಲ್ಲಿ ಹಲವು ಸಲ ವಿವರಿಸಿದ್ದೇನೆ. ಇಷ್ಟು ಸ್ಪಷ್ಟವಾಗಿ ವಿವರಿಸಿದ ನೆನಪಿಲ್ಲ.

ಆದರೆ ಕೋಲಾರದ ದಾರಿಯ ಗೇಜು 762 ಮಿಲಿಮೀಟರು, 792 ಅಲ್ಲ. ವ್ಯತ್ಯಾಸ ಶೇಕಡ 4ರಷ್ಟು. ಹುಡುಗನ ಪಟ್ಟಿಯಲ್ಲಿ ಮೊದಲನೆಯ ತಪ್ಪು ಇದೇ. ಅವನು 46ರಲ್ಲಿ ಒಂದು ಪಾಲಿನ ಪ್ರಮಾಣವನ್ನು ಆರಿಸಿದ್ದರೆ ಈ ತಪ್ಪು ಬಹುಮಟ್ಟಿಗೆ ಮಾಯವಾಗುತ್ತಿತ್ತು. ಆದರೆ ಆ ಪ್ರಮಾಣದ ಗೊಂಬೆಗಳೂ ಗಾಡಿಗಳೂ ಅಂಗಡಿಯಲ್ಲಿ ದೊರೆಯುವುದು ದುರ್ಲಭ. ಒಂದು ತಪ್ಪನ್ನು ತಿದ್ದಲು ಹೋದರೆ ಹತ್ತು ಅನನುಕೂಲಗಳು ಬರುತ್ತವೆ. ಯಾವ ತಪ್ಪನ್ನು ಇಟ್ಟುಕೊಳ್ಳಬೇಕೆಂದು ತೂಗಿ ನೋಡಿ ಆರಿಸುವುದೇ ಈ ಕೆಲಸದ ತಿರುಳು.

ಇದಕ್ಕೆ ಇಂಗ್ಲೆಂಡಿನ ಒಂದು ಉದಾಹರಣೆಯನ್ನು ನೋಡೋಣ. ಅದರ ಬೇರು ನಮ್ಮ ನೆರೆಯ ಸೊಲ್ಲಾಪುರ ಜಿಲ್ಲೆಯಲ್ಲಿದೆ. ಎವರಾರ್ಡ್ ಕ್ಯಾಲ್‌ತ್ರಾಪ್ ಎಂಬ ಎಂಜಿನಿಯರು 1897ರಲ್ಲಿ ಅಲ್ಲಿ ಬಾರ್ಸಿ ಲೈಟ್ ರೈಲ್ವೆಯನ್ನು ತೆರೆದನು. ಗೇಜು 2 ಅಡಿ 6 ಅಂಗುಲ. ಎಂಜಿನೇ ಆಗಲಿ, ಗಾಡಿಯೇ ಆಗಲಿ, ಯಾವ ಅಚ್ಚಿನ ಮೇಲೂ 5 ಟನ್ನಿಗಿಂತ ಹೆಚ್ಚು ಭಾರ ಬೀಳಬಾರದೆಂಬುದು ಅವನ ಸೂತ್ರ. ಭಾರವನ್ನು ಹೀಗೆ ಸಮನಾಗಿ ಹಂಚಿದರೆ ಹಗುರವಾದ ಕಂಬಿಗಳ ಮೇಲೂ ದೊಡ್ಡ ಗಾಡಿಗಳನ್ನು ಓಡಿಸಬಹುದೆಂದು ಅವನು ತೋರಿಸಿಕೊಟ್ಟನು. ಈ ಅನುಭವದ ಫಲವಾಗಿ ಇಂಗ್ಲೆಂಡಿನ ಸ್ಟಾಫರ್ಡ್‌ಷೈರಿನಲ್ಲಿ 1904ರಲ್ಲಿ ಲೀಕ್ ಅಂಡ್ ಮ್ಯಾನಿಫೋಲ್ಡ್ ಎಂಬ ದಾರಿ ತೆರೆಯಿತು. ಎಂಟು ಮೈಲಿಯಷ್ಟು ಉದ್ದ. ಇದ್ದವು ಎರಡೇ ಎಂಜಿನುಗಳು, ಒಂದರ ಹೆಸರು ಕ್ಯಾಲ್‌ತ್ರಾಪನದೇ. ಆ ಎಂಜಿನುಗಳ ಮುಂದೆ ಭಾರತದ ರೈಲುಗಳಲ್ಲಿದ್ದಂಥ ದೊಡ್ಡ ದೀಪ! ಆ ಹಸಿರು ಕಣಿವೆಯಲ್ಲಿ ನಮ್ಮ ನಾಡಿನ ರೈಲೊಂದು ದಾರಿತಪ್ಪಿ ಬಂದಂತೆ ಅದು ಕಾಣುತ್ತಿದ್ದಿರಬೇಕು. 1934ರಲ್ಲಿ ದಾರಿ ಮುಚ್ಚಿತು. ಎಂಜಿನುಗಳೆರಡೂ ಗುಜರಿ ಸೇರಿದವು. ದಾರಿಯ ಜಾಗದಲ್ಲಿ ಇಂದು ಜನರು ಕಾಲ್ನಡಿಗೆಯಲ್ಲಿ ಅಡ್ಡಾಡುತ್ತಾರೆ.

ಈ ದಾರಿಯನ್ನು ಮಾದರಿಯಲ್ಲಿ ಕಟ್ಟಹೊರಟವನ ಇಕ್ಕಟ್ಟನ್ನು ಗಮನಿಸಿರಿ. ಬ್ರಿಟನ್ನಿನಲ್ಲಿ ಬಹುಜನರು ಬಳಸುವ ಪ್ರಮಾಣದಲ್ಲಿ ನಿಜದ ಒಂದು ಅಡಿಗೆ ಮಾದರಿಯ 4 ಮಿಲಿಮೀಟರು. ಅದರಂತೆ 2 ಅಡಿ 6 ಅಂಗುಲಕ್ಕೆ 10 ಮಿಲಿಮೀಟರು ಬೇಕು, ದೊರೆಯುವುದು 9. ಹತ್ತರಲ್ಲಿ ಒಂದು ಪಾಲು ಕಡಮೆ. ಇದೇ 9 ಮಿಲಿಮೀಟರು ವೇಲ್ಸಿನ ಟ್ಯಾಲಿಲಿನ್ ರೈಲ್ವೆಗಾದರೆ ಕೂದಲೆಳೆಯಷ್ಟೂ ತಪ್ಪಿಲ್ಲದೆ ಒಪ್ಪುತ್ತದೆ, ಏಕೆಂದರೆ ಅದರ ಗೇಜು 2 ಅಡಿ 3 ಅಂಗುಲ. ಲೀಕ್ ಅಂಡ್ ಮ್ಯಾನಿಫೋಲ್ಡಿಗೆ ಆ ಅದೃಷ್ಟವಿಲ್ಲ. ಹಾಗಾದರೆ ಪ್ರಮಾಣವನ್ನೇ 87ರಲ್ಲಿ ಒಂದು ಪಾಲಿಗೆ ಇಳಿಸಬಾರದೆ? ಆಗ ಬೇಕಾಗುವುದು 8.76 ಮಿಲಿಮೀಟರು, ತಪ್ಪು ಶೇಕಡ 3ಕ್ಕಿಂತ ಕಡಮೆ. ಲೆಕ್ಕದಲ್ಲಿ ಇದೇ ಮೇಲು.

ಆದರೂ 4 ಮಿಲಿಮೀಟರಿನ ಪ್ರಮಾಣವನ್ನೇ ಆರಿಸುವವನಿಗೆ ಒಂದು ಸಮರ್ಥನೆಯಿದೆ. ಈ ದಾರಿಯು ವಾಟರ್‌ಹೌಸಸ್ ಎಂಬಲ್ಲಿ ಸ್ಟ್ಯಾಂಡರ್ಡ್ ಗೇಜಿನ ದಾರಿಯನ್ನು ಸಂಧಿಸುತ್ತಿತ್ತು. ಅಲ್ಲಿ ದೊಡ್ಡ ಗೇಜಿನ ಗಾಡಿಗಳನ್ನು ಹಾಗೆಯೇ ಎತ್ತಿಕೊಂಡಂತೆ ಚಿಕ್ಕ ಗೇಜಿನ ವಿಶೇಷ ಗಾಡಿಗಳ ಮೇಲೆ ಏರಿಸಿ ಸಾಗಿಸುತ್ತಿದ್ದರು. ಇದನ್ನು ತೋರಿಸದಿದ್ದರೆ ಆ ದಾರಿಯ ಸ್ವಭಾವವನ್ನೇ ಬಿಟ್ಟಂತೆ. ಆದಕಾರಣ ಎರಡು ಗೇಜುಗಳೂ ಒಂದೇ ಮೇಜಿನ ಮೇಲೆ ಇರಬೇಕು. ಬ್ರಿಟನ್ನಿನ ದೊಡ್ಡ ಗೇಜಿನ ಮಾದರಿಗಳಿಗೋ ಬಹುಕಾಲದಿಂದ ಒಂದು ಕೊರತೆಯಿದೆ: ಮೈ 4 ಮಿಲಿಮೀಟರಿನ ಪ್ರಮಾಣದ್ದು, ಕಂಬಿಗಳು ಮಾತ್ರ 16.5 ಮಿಲಿಮೀಟರು ಅಂತರದವು, ಇರಬೇಕಾದದ್ದು 18.83. ಶೇಕಡ 12ರಷ್ಟು ಕಡಮೆ. ಈಗ ಎರಡು ತಪ್ಪುಗಳನ್ನೂ ಒಟ್ಟಿಗೆ ನೋಡಿರಿ. ಚಿಕ್ಕ ದಾರಿ ಶೇಕಡ 10ರಷ್ಟು ಕಿರಿದು, ದೊಡ್ಡ ದಾರಿ ಶೇಕಡ 12ರಷ್ಟು ಕಿರಿದು. ಒಂದಕ್ಕೊಂದರ ಅನುಪಾತವನ್ನು ಲೆಕ್ಕಿಸಿದರೆ, ನಿಜದಲ್ಲಿ 1.88, ಮಾದರಿಯಲ್ಲಿ 1.83, ವ್ಯತ್ಯಾಸ ಶೇಕಡ 3ಕ್ಕೂ ಕಡಮೆ. ದೊಡ್ಡದರ ಪಕ್ಕದಲ್ಲಿ ಚಿಕ್ಕದು ಎಷ್ಟು ಚಿಕ್ಕದಾಗಿ ಕಾಣಬೇಕೋ ಹೆಚ್ಚುಕಡಮೆ ಅಷ್ಟೇ ಚಿಕ್ಕದಾಗಿ ಕಾಣುತ್ತದೆ. ಎರಡು ತಪ್ಪುಗಳು ಒಂದೇ ದಿಕ್ಕಿಗೆ ಬಾಗಿದ್ದರಿಂದ ಮುಖ್ಯವಾದ ಸತ್ಯ ಉಳಿದುಕೊಂಡಿತು. ಇಂಥ ವಿವೇಚನೆಗೆ ವಿಜ್ಞಾನವೆಂದು ಹೆಸರಿಡದೆ ಮತ್ತಾವುದಕ್ಕೆ ಇಡೋಣ?

ಎಂಜಿನನ್ನು ಆರಿಸುವಾಗಲೂ ಹೀಗೆಯೇ. ಅನುಭವವಿಲ್ಲದವನು ಅಂಗಡಿಯಲ್ಲಿ ನೋಡುವುದು ಬಣ್ಣವನ್ನು, ಹೊಗೆಕೊಳವೆಯನ್ನು, ದೀಪವನ್ನು. ಅನುಭವಸ್ಥನು ಎಂಜಿನನ್ನು ಮಗುಚಿ ಹಾಕಿ, ಚಕ್ರಗಳ ವ್ಯಾಸವೆಷ್ಟು, ಅಚ್ಚಿನಿಂದ ಅಚ್ಚಿಗೆ ಅಂತರವೆಷ್ಟು, ಮೋಟಾರು ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ಅಳೆಯುತ್ತಾನೆ. ಹೊಗೆಕೊಳವೆಯನ್ನು ಒಂದು ಸಂಜೆಯಲ್ಲಿ ಬದಲಾಯಿಸಬಹುದು, ಅಚ್ಚುಗಳ ಅಂತರವನ್ನು ಬದಲಾಯಿಸುವುದು ಸುಲಭವಲ್ಲ. ಅನೇಕ ನ್ಯಾರೋ ಗೇಜ್ ಎಂಜಿನುಗಳಲ್ಲಿ ಉಕ್ಕಿನ ಚೌಕಟ್ಟು ಚಕ್ರಗಳ ಹೊರಗಿರುತ್ತದೆ. ಚಕ್ರಗಳು ಒಳಗೆ ಅಡಗಿರುತ್ತವೆ. ಅಂಗಡಿಯ ಎಂಜಿನಿನಲ್ಲಿ ಚಕ್ರಗಳು ಹೊರಗೆ ಕಾಣುತ್ತವೆ. ಆಗ ಹಿತ್ತಾಳೆಯ ತಗಡಿನಿಂದಲೋ ಪ್ಲಾಸ್ಟಿಕ್ ಹಾಳೆಯಿಂದಲೋ ಸುಳ್ಳು ಚೌಕಟ್ಟೊಂದನ್ನು ಕತ್ತರಿಸಿ ಹೊರಗೆ ನಿಲ್ಲಿಸಬೇಕು, ಅಚ್ಚುಗಳನ್ನು ಉದ್ದಮಾಡಿ ಕ್ರ್ಯಾಂಕುಗಳನ್ನು ಹೊರಕ್ಕೆ ತರಬೇಕು. ಎರಡು ಪಕ್ಕದ ಕ್ರ್ಯಾಂಕುಗಳ ನಡುವಣ ಕೋನದಲ್ಲಿ ಅಚ್ಚಿನಿಂದ ಅಚ್ಚಿಗೆ ಸ್ವಲ್ಪ ವ್ಯತ್ಯಾಸವಾದರೂ ಎಂಜಿನು ತಡವರಿಸಿ ನಿಲ್ಲುತ್ತದೆ. ಪುಸ್ತಕದಲ್ಲಿ ಓದಿದ ಕೋನಕ್ಕೂ ಕೈಯಲ್ಲಿ ಹಿಡಿದ ಕೋನಕ್ಕೂ ಇರುವ ಭೇದವು ಆಗ ಚೆನ್ನಾಗಿ ಅರ್ಥವಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಪ್ರಕೃತಿಯು ಒಂದು ಮಾತನ್ನು ನೆನಪಿಸದೆ ಬಿಡುವುದಿಲ್ಲ: ಉದ್ದವನ್ನು ಕುಗ್ಗಿಸಬಹುದು, ನಿಯಮಗಳನ್ನು ಕುಗ್ಗಿಸಲಾಗದು. 48ರಲ್ಲಿ ಒಂದು ಪಾಲಿನ ಮಾದರಿಯಲ್ಲಿ ಉದ್ದವು 48 ಪಾಲು ಕಡಮೆಯಾದರೆ ಗಾತ್ರವು 1,10,592 ಪಾಲು ಕಡಮೆಯಾಗುತ್ತದೆ. 30 ಟನ್ ತೂಕದ ಎಂಜಿನೆಂದು ಇಟ್ಟುಕೊಂಡರೆ, ಮಾದರಿಯ ನ್ಯಾಯವಾದ ತೂಕ ಸುಮಾರು 270 ಗ್ರಾಂ. ಅಷ್ಟು ಹಗುರಾದ ಎಂಜಿನಿನ ಚಕ್ರಗಳು ಕಂಬಿಯನ್ನು ಸಾಕಷ್ಟು ಒತ್ತದೆ, ವಿದ್ಯುತ್ತು ಸರಿಯಾಗಿ ಹರಿಯದೆ ಹೋಗಬಹುದು. ಅದಕ್ಕಾಗಿ ಬಾಯ್ಲರಿನೊಳಗೆ ಸೀಸದ ತುಂಡುಗಳನ್ನು ಸೇರಿಸುತ್ತಾರೆ. ವೇಗದ ಮಾತೂ ಹಾಗೆಯೇ. ಗಂಟೆಗೆ 24 ಕಿಲೋಮೀಟರು ಓಡುವ ಚಿಕ್ಕ ರೈಲನ್ನು ತೋರಿಸಬೇಕಾದರೆ ಮಾದರಿಯು ಸೆಕೆಂಡಿಗೆ 14 ಸೆಂಟಿಮೀಟರು ಮಾತ್ರ ಚಲಿಸಬೇಕು. ಆದರೆ ನಿಜದ ಗಾಡಿಯು ಓಲಾಡುವುದನ್ನು ತೋರಿಸಲು ಬರುವುದಿಲ್ಲ. ಲೋಲಕದ ಅವಧಿಯು ಉದ್ದದ ವರ್ಗಮೂಲವನ್ನು ಅನುಸರಿಸುತ್ತದೆಯಷ್ಟೆ? ಅಂತೆಯೇ ಗುರುತ್ವದಿಂದ ನಡೆಯುವ ಓಲಾಟವು ಈ ಮಾದರಿಯಲ್ಲಿ ಸುಮಾರು 7 ಪಟ್ಟು ಚುರುಕಾಗುತ್ತದೆ. ಗಂಭೀರವಾಗಿ ತೂಗಾಡಬೇಕಾದ ಗಾಡಿ ಪಟಪಟನೆ ನಡುಗುತ್ತದೆ. ನೋಡಿದವರು ‘ಇದು ಆಟಿಕೆ’ ಎಂದು ತಟ್ಟನೆ ಗುರುತಿಸುವುದಕ್ಕೆ ಒಂದು ಕಾರಣ ಇದೇ. ಗುರುತ್ವವನ್ನು 48ರಿಂದ ಭಾಗಿಸುವ ಉಪಾಯ ಯಾರ ಬಳಿಯೂ ಇಲ್ಲ.

ಈಗ ನಮ್ಮ ಪ್ರಯೋಗಶಾಲೆಗಳ ಕಡೆಗೆ ಕಣ್ಣು ಹಾಯಿಸೋಣ. ‘ಘರ್ಷಣೆಯನ್ನು ಕಡೆಗಣಿಸಿ’, ‘ದಾರವು ತೂಕವಿಲ್ಲದ್ದೆಂದು ಭಾವಿಸಿ’ ಎಂದು ಪ್ರಶ್ನೆಪತ್ರಿಕೆಯಲ್ಲಿ ಬರೆಯುತ್ತೇವೆ. ಹೀಗೆ ಕಡೆಗಣಿಸಿದ್ದರಿಂದ ಉತ್ತರ ಎಷ್ಟು ಕೆಟ್ಟಿತೆಂದು ಕೇಳುವ ವಿದ್ಯಾರ್ಥಿ ಅಪರೂಪ, ಕೇಳಿಸುವ ಅಧ್ಯಾಪಕ ಇನ್ನೂ ಅಪರೂಪ. ಲೋಲಕದಿಂದ ಗುರುತ್ವದ ವೇಗೋತ್ಕರ್ಷವನ್ನು ಅಳೆಯುವ ಪ್ರಯೋಗದಲ್ಲಿ, ಪುಸ್ತಕದಲ್ಲಿರುವ 981 ಬರುವಂತೆ ಅಂಕಿಗಳನ್ನು ಹಿಂದಿನಿಂದ ತಿದ್ದಿ ಬರೆಯುವುದನ್ನು ನಾನು ಪ್ರತಿವರ್ಷವೂ ಕಾಣುತ್ತೇನೆ. ಬೆಂಗಳೂರಿನಲ್ಲಿ ಅದರ ನಿಜವಾದ ಬೆಲೆ ಸುಮಾರು 978 ಎಂಬುದು ತಿದ್ದುವವನಿಗೆ ತಿಳಿದಿರುವುದಿಲ್ಲ! ತಪ್ಪನ್ನು ಮರೆಮಾಚಿದವನಿಗೆ ಪೂರ್ಣಾಂಕ; ತಪ್ಪನ್ನು ಅಳೆದು ಬರೆದವನಿಗೆ ನಗೆಯ ಬಹುಮಾನ. ಈ ಪದ್ಧತಿಯಲ್ಲಿ ಬೆಳೆದವರೇ ಅಂದು ತೀರ್ಪುಗಾರರಾಗಿ ಕುಳಿತಿದ್ದೆವು. ಹುಡುಗನ ಕಾಗದವನ್ನು ಓದುವ ಕಣ್ಣು ನಮಗೆಲ್ಲಿಂದ ಬರಬೇಕು?

ಈ ವಾದಕ್ಕೆ ಕೆಲವು ಆಕ್ಷೇಪಣೆಗಳು ಬರಬಹುದು. ಇದು ಹಣವಂತರ ಹವ್ಯಾಸವೆಂಬುದು ಒಂದು. ವಿದೇಶೀ ಎಂಜಿನುಗಳ ಬೆಲೆ ಹೆಚ್ಚೆಂಬುದು ನಿಜ. ಆದರೆ ಓಡದ ಮಾದರಿಯೂ ಮಾದರಿಯೇ. ರಟ್ಟು, ಕತ್ತರಿ, ಅಂಟು, ಒಂದು ಒಳ್ಳೆಯ ಅಳತೆಪಟ್ಟಿ ಇದ್ದರೆ ಪ್ರಾರಂಭಕ್ಕೆ ಸಾಕು. ಗಣಕಯಂತ್ರದಲ್ಲಿ ಚಿತ್ರ ಬರೆದು ಮುದ್ರಣಯಂತ್ರದಿಂದ ಇಡೀ ಮೈಯನ್ನೇ ಪ್ಲಾಸ್ಟಿಕ್ಕಿನಲ್ಲಿ ಪಡೆಯಬಹುದಾದ ಈ ಕಾಲದಲ್ಲಿ ಕೈಯಿಂದ ಕತ್ತರಿಸುವುದೇಕೆ ಎಂಬುದು ಇನ್ನೊಂದು. ಅಂಥ ಯಂತ್ರ ದೊರೆತರೆ ಅವಶ್ಯವಾಗಿ ಬಳಸಬೇಕು. ಆದರೆ ಯಂತ್ರವು ಕೇಳುವುದು ಅಂಕಿಗಳನ್ನು. ಆ ಅಂಕಿಗಳನ್ನು ಯಾರಾದರೂ ಅಳೆದು ತರಬೇಕು. ಗುಜರಿಗೆ ಹೋದ ಎಂಜಿನಿನ ಎತ್ತರವನ್ನು ಯಂತ್ರವು ಊಹಿಸಿ ಹೇಳಿದರೆ, ಅದು ಪುಸ್ತಕ ನೋಡಿ ತಿದ್ದಿ ಬರೆದ 981ರ ಇನ್ನೊಂದು ರೂಪವಷ್ಟೆ.

ಹುಡುಗನು ಎತ್ತರವನ್ನು ಕಂಡುಕೊಂಡ ಬಗೆಯನ್ನು ಇಲ್ಲಿ ಹೇಳಬೇಕು. ಅವನ ಅಜ್ಜ ಆ ದಾರಿಯಲ್ಲಿ ಕೆಲಸಕ್ಕಿದ್ದವರು. ಎಂಜಿನಿನ ಪಕ್ಕದಲ್ಲಿ ಅವರು ನಿಂತಿರುವ ಒಂದು ಹಳೆಯ ಚಿತ್ರ ಮನೆಯ ಗೋಡೆಯ ಮೇಲಿತ್ತು. ಅಜ್ಜನ ಎತ್ತರ ಗೊತ್ತಿರುವುದರಿಂದ ಎಂಜಿನಿನ ಎತ್ತರವನ್ನು ಅನುಪಾತದಿಂದ ಪಡೆಯಬಹುದು. ಚಿತ್ರದಲ್ಲಿ ಅಜ್ಜ 50 ಮಿಲಿಮೀಟರು, ಹೊಗೆಕೊಳವೆಯ ತುದಿ 90 ಮಿಲಿಮೀಟರು, ಅಜ್ಜನ ನಿಜವಾದ ಎತ್ತರ 5 ಅಡಿ 4 ಅಂಗುಲ ಎಂದಿಟ್ಟುಕೊಂಡರೆ, ಎಂಜಿನಿನ ಎತ್ತರ 2.9 ಮೀಟರೆಂದು ಬರುತ್ತದೆ. ಆದರೆ ಹುಡುಗನ ಕಾಗದದಲ್ಲಿ ಹೀಗೆ ಬರೆದಿತ್ತು: ‘ಅಜ್ಜ ಎಂಜಿನಿಗಿಂತ ಮುಂದೆ, ಕ್ಯಾಮೆರಾಕ್ಕೆ ಹತ್ತಿರ ನಿಂತಿದ್ದಾರೆ. ಆದ್ದರಿಂದ ನಿಜವಾದ ಎತ್ತರ ಇದಕ್ಕಿಂತ ಹೆಚ್ಚಿರಬೇಕು.’ ಕ್ಯಾಮೆರಾ 6 ಮೀಟರು ದೂರದಲ್ಲಿದ್ದು, ಅಜ್ಜ ಎಂಜಿನಿನಿಂದ ಅರ್ಧ ಮೀಟರು ಮುಂದಿದ್ದರೂ ಶೇಕಡ 8ರಷ್ಟು ವ್ಯತ್ಯಾಸವಾಗುತ್ತದೆ. ಈ ತಿದ್ದುಪಾಟು ಯಾವ ದಿಕ್ಕಿಗೆ ಎಂಬುದನ್ನು ನನ್ನ ತರಗತಿಯಲ್ಲಿ ಎಷ್ಟು ಜನ ಸರಿಯಾಗಿ ಹೇಳಿಯಾರೆಂದು ನಾನು ಯೋಚಿಸಿದ್ದೇನೆ.

ಅವನು ಆರಿಸಿಕೊಂಡ ದಾರಿಯ ವಿಷಯವಾಗಿ ಇನ್ನೆರಡು ಮಾತು. ಮೈಸೂರು ಸಂಸ್ಥಾನದ ಕಾಲದಲ್ಲಿ, 1910ರ ದಶಕದಲ್ಲಿ, ಇಂದು ಬಂಗಾರಪೇಟೆಯೆಂದು ಹೆಸರಾಗಿರುವ ಬೌರಿಂಗ್‌ಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ದೇವನಹಳ್ಳಿಗಳ ಮೂಲಕ ಬೆಂಗಳೂರಿನ ಕಡೆಗೆ ಈ 762 ಮಿಲಿಮೀಟರಿನ ದಾರಿ ಹಂತಹಂತವಾಗಿ ಬೆಳೆಯಿತು. ಇಂದು ಅದು ಇಡಿಯಾಗಿ ಬ್ರಾಡ್ ಗೇಜ್ ಆಗಿದೆ. ಕೋಲಾರ–ಚಿಕ್ಕಬಳ್ಳಾಪುರ ಭಾಗ 2013ರಲ್ಲಿ ಹೊಸ ರೂಪದಲ್ಲಿ ತೆರೆಯಿತು. ಹಾಗಾದದ್ದು ಆ ಸೀಮೆಯ ಜನರಿಗೆ ಅನುಕೂಲವೇ. ಹಳೆಯದು ಉಳಿಯಬೇಕಾಗಿತ್ತೆಂದು ನಾನು ಹಂಬಲಿಸುತ್ತಿಲ್ಲ. ಆದರೆ ನಂದಿ ಹಾಲ್ಟಿನಂಥ ಹಳೆಯ ನಿಲ್ದಾಣದ ಕಟ್ಟಡ ಇನ್ನೂ ನಿಂತಿದೆ. ಆ ದಾರಿಯಲ್ಲಿ ದುಡಿದವರು, ಅದರಲ್ಲಿ ಕುಳಿತು ಶಾಲೆಗೆ ಹೋದವರು, ರೇಷ್ಮೆಗೂಡನ್ನೂ ತರಕಾರಿಯನ್ನೂ ಹೊತ್ತು ಹತ್ತಿದವರು ನಮ್ಮ ನಡುವೆ ಇದ್ದಾರೆ. ಮನೆಗಳ ಗೋಡೆಗಳ ಮೇಲೆ ಚಿತ್ರಗಳಿವೆ. ಇನ್ನು ಇಪ್ಪತ್ತು ವರ್ಷಗಳಲ್ಲಿ ಇವುಗಳಲ್ಲಿ ಎಷ್ಟು ಉಳಿದಾವು?

ಹೆಸರಾಂತ ಎಂಜಿನುಗಳನ್ನು ವಸ್ತುಸಂಗ್ರಹಾಲಯಗಳು ಕಾಪಾಡುತ್ತವೆ. ಅಪ್ರಸಿದ್ಧ ದಾರಿಯ ಅಳತೆಯನ್ನು ತೆಗೆದಿಡುವವರು ಆ ಊರಿನವರೇ ಆಗಬೇಕು. ಕೋಲಾರ, ಚಿಕ್ಕಬಳ್ಳಾಪುರಗಳ ಪ್ರೌಢಶಾಲೆಗಳಿಗೂ ಕಾಲೇಜುಗಳಿಗೂ ಇದಕ್ಕಿಂತ ಉಚಿತವಾದ ಕೆಲಸ ನನಗೆ ತೋರದು. ನಾಲ್ಕು ಮಂದಿ ವಿದ್ಯಾರ್ಥಿಗಳು ಅಳತೆಪಟ್ಟಿಯೊಡನೆ ಒಂದು ರಜಾದಿನ ಹೊರಡಲಿ. ನಿಲ್ದಾಣದ ಗೋಡೆ, ಬಾಗಿಲು, ಕಿಟಕಿಗಳನ್ನು ಪ್ರತಿಯೊಂದೂ ಮೂರು ಸಲ ಅಳೆಯಲಿ; ಮೂರೂ ಒಂದೇ ಆಗದಿದ್ದರೆ ಹಾಗೆಂದೇ ಬರೆಯಲಿ. ಅಲ್ಲಿಯ ಹಿರಿಯರನ್ನು ಕೇಳಿ, ಅವರು ಹೇಳಿದ್ದನ್ನು ಬೇರೆಯಾಗಿಯೂ ತಾವು ಅಳೆದದ್ದನ್ನು ಬೇರೆಯಾಗಿಯೂ ಗುರುತಿಸಲಿ. ಬಳಿಕ ರಟ್ಟಿನಲ್ಲಾದರೂ ಸರಿಯೆ, ಒಂದು ಮಾದರಿಯನ್ನು ಕಟ್ಟಲಿ. ಕಟ್ಟುವಾಗಲೇ ತಿಳಿಯುವುದು ಯಾವ ಅಳತೆಯನ್ನು ತರಲು ಮರೆತೆವೆಂಬುದು.

ಆ ಹುಡುಗ ಇಂದು ಎಲ್ಲಿ ಓದುತ್ತಿದ್ದಾನೋ ನಾನರಿಯೆ. ನಾನು ತೀರ್ಪುಗಾರನಾಗಿ ಮತ್ತೆ ಕುಳಿತುಕೊಳ್ಳುವ ಸಂದರ್ಭ ಬಂದರೆ, ಪ್ರತಿಯೊಂದು ಮೇಜಿನ ಬಳಿಯೂ ಮೊದಲು ಕೇಳುವ ಪ್ರಶ್ನೆಯನ್ನು ನಿಶ್ಚಯಿಸಿಕೊಂಡಿದ್ದೇನೆ: “ಇದರಲ್ಲಿರುವ ತಪ್ಪುಗಳಾವುವು, ಎಷ್ಟೆಷ್ಟು?” ಉತ್ತರವನ್ನು ಸಂಖ್ಯೆಗಳಲ್ಲಿ ಕೊಡಬಲ್ಲವರಿಗೇ ನನ್ನ ಮೊದಲ ಅಂಕಗಳು ಸಲ್ಲುತ್ತವೆ. ಐದು ತಪ್ಪುಗಳ ಆ ಕಾಗದಕ್ಕೆ ಅಂದು ಸಲ್ಲಬೇಕಾಗಿದ್ದದ್ದು ಅದೇ.